ಎರಡು ಔಷಧಿ ಅಂಗಡಿಗಳಿಗೆ ಒಂದೇ ಪತ್ರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಔಷಧಿ ಅಂಗಡಿಗಳ ಮಾಲೀಕರಿಗೆ, ಅಲ್ಲಿ ನಿಂತು ಔಷಧಿ ಎತ್ತಿಕೊಡುವ ಎಲ್ಲ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಕತ್ತಲಗೆರೆಯಿಂದ ಬರೆಯುವ ಪತ್ರ.



ನಮ್ಮ ಕಡೆ ‘ಔಷಧಿ ಅಂಗಡಿ’ ಎಂದರೆ ಎರಡು ಅರ್ಥ. ಜ್ವರ ಬಂದರೆ ಹೋಗುವುದೂ ಔಷಧಿ ಅಂಗಡಿಗೆ, ಭತ್ತಕ್ಕೆ ರೋಗ ಬಿದ್ದರೆ ಹೋಗುವುದೂ ಔಷಧಿ ಅಂಗಡಿಗೆ. ‘ಔಷಧಿ ತಗೊಂಡ್ಯಾ?’ ಎಂದು ಮಗುವನ್ನು ಕೇಳುತ್ತೇವೆ, ‘ಔಷಧಿ ಹೊಡೆದ್ಯಾ?’ ಎಂದು ಗದ್ದೆಯಿಂದ ಬಂದವರನ್ನು ಕೇಳುತ್ತೇವೆ. ಲೈಸೆನ್ಸು ಕೊಡುವ ಇಲಾಖೆಗಳಿಗೆ ಮೆಡಿಕಲ್ ಶಾಪೇ ಬೇರೆ, ಗೊಬ್ಬರದಂಗಡಿಯೇ ಬೇರೆ. ನಾನು ಹೇಳಬೇಕಾದ ವಿಷಯಕ್ಕೆ ಮಾತ್ರ ನಮ್ಮ ಊರಿನ ಆ ಒಂದೇ ಮಾತು ಸರಿಹೋಗುತ್ತದೆ. ಆದ್ದರಿಂದ ನಿಮ್ಮಿಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಾನು ಕತ್ತಲಗೆರೆಯ ರೈತರ ಮನೆಯ ಮಗಳು. ದಾವಣಗೆರೆಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ 26 ವರ್ಷ ತಂತ್ರಜ್ಞೆಯಾಗಿದ್ದು ನಿವೃತ್ತಳಾಗಿ ಊರಿಗೆ ಬಂದಿದ್ದೇನೆ. ಕೀವು, ಕಫ, ಮೂತ್ರ, ರಕ್ತ ಇವುಗಳಲ್ಲಿ ಯಾವ ದುಂಡಾಣು ಇದೆ, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಅಂಗೈಯಗಲದ ತಟ್ಟೆಯಲ್ಲಿ ದುಂಡಾಣುವನ್ನು ಬೆಳೆಸುವ ಅಗರ್ ಗಟ್ಟಿಯಾಗಿರುತ್ತದೆ. ಅದರ ಮೇಲೆ ದುಂಡಾಣುವನ್ನು ತೆಳುವಾಗಿ ಸವರಿ, ಬೇರೆ ಬೇರೆ ಆಂಟಿಬಯೋಟಿಕ್ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಮರುದಿನ ಬೆಳಿಗ್ಗೆ ಬಿಲ್ಲೆಯ ಸುತ್ತ ಸಾಕಷ್ಟು ಅಗಲದ ಖಾಲಿ ಉಂಗುರ ಕಂಡರೆ ಆ ಔಷಧಿ ಕೆಲಸ ಮಾಡುತ್ತದೆ. ವರದಿಯಲ್ಲಿ ‘ಎಸ್’ ಎಂದು ಬರೆಯುತ್ತೇವೆ. ಬಿಲ್ಲೆಯ ಬುಡದವರೆಗೂ ದುಂಡಾಣು ಹುಲ್ಲಿನಂತೆ ಬೆಳೆದು ನಿಂತಿದ್ದರೆ ‘ಆರ್’. ಕೆಲಸಕ್ಕೆ ಸೇರಿದಾಗ ವರದಿಯ ಉದ್ದಕ್ಕೂ ‘ಎಸ್’ ಬರೆದು ನಡುವೆ ಒಂದೋ ಎರಡೋ ‘ಆರ್’ ಬರೆಯುತ್ತಿದ್ದೆ. ಬಿಡುವ ಹೊತ್ತಿಗೆ ಅದು ತಿರುಗುಮುರುಗಾಗಿತ್ತು.

2011ರ ಜೂನ್‌ನಲ್ಲಿ ಗದ್ದೆಯ ಕೂಳೆ ನನ್ನ ಅಪ್ಪನ ಪಾದಕ್ಕೆ ಚುಚ್ಚಿತು. ಸಕ್ಕರೆ ಕಾಯಿಲೆ ಹಳೆಯದು, ಅಂಗಾಲಿನಲ್ಲಿ ಸ್ಪರ್ಶವಿರಲಿಲ್ಲ. ಗಾಯವಾಗಿದೆ ಎಂದು ಗೊತ್ತಾದದ್ದೇ ಮೂರನೆಯ ದಿನ, ಹಾಸಿಗೆಯ ಮೇಲಿನ ಕಲೆಯನ್ನು ಅಮ್ಮ ನೋಡಿದಾಗ. ಅಪ್ಪ ಔಷಧಿ ಅಂಗಡಿಗೆ ಹೋಗಿ, ಹಿಂದೆಂದೋ ಕೆಮ್ಮಿಗೆ ಬರೆದುಕೊಟ್ಟಿದ್ದ ಕ್ಯಾಪ್ಸೂಲಿನ ಖಾಲಿ ಪಟ್ಟಿ ತೋರಿಸಿದರು. ಅಂಗಡಿಯವರು ನಾಲ್ಕು ಕ್ಯಾಪ್ಸೂಲ್ ಕತ್ತರಿಸಿ ಕೊಟ್ಟರು. ಊತ ಇಳಿದಂತೆ ಕಂಡಿತು, ಅಪ್ಪ ನಿಲ್ಲಿಸಿದರು. ವಾರ ಬಿಟ್ಟು ಮತ್ತೆ ಊದಿತು. ಈ ಸಲ ಬೇರೆ ಮಾತ್ರೆ, ಮೂರು ದಿನಕ್ಕೆ. ಹೀಗೆ ಆರು ವಾರದಲ್ಲಿ ಮೂರು ಬಗೆಯ ಆಂಟಿಬಯೋಟಿಕ್ ಅಪ್ಪನ ಹೊಟ್ಟೆಗೆ ಹೋದವು, ಒಂದನ್ನೂ ಪೂರ್ತಿ ಮುಗಿಸಲಿಲ್ಲ. ಫೋನಿನಲ್ಲಿ ಕೇಳಿದರೆ ‘ಸಣ್ಣ ಗಾಯ ಕಣವ್ವಾ, ಔಷಧಿ ತಗೊಂಡೀನಿ’ ಎನ್ನುತ್ತಿದ್ದರು. ಪ್ರಯೋಗಾಲಯದಲ್ಲಿ ದಿನಕ್ಕೆ ನಲವತ್ತು ತಟ್ಟೆ ನೋಡುತ್ತಿದ್ದ ನಾನು ಅಪ್ಪನ ಆ ಮಾತನ್ನು ನಂಬಿ ಸುಮ್ಮನಿದ್ದೆ.

ಊರಿಗೆ ಹೋದ ದಿನ ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಬಿಳಿ ಪಂಚೆಯ ಚೂರು ಹಸಿರಾಗಿತ್ತು. ಎಲೆಯ ಹಸಿರಲ್ಲ, ಅಡಿಕೆಗೆ ಹೊಡೆಯಲು ಮೈಲುತುತ್ತ ಕರಗಿಸಿದರೆ ಬರುವ ಬಣ್ಣವಿದೆಯಲ್ಲ, ಆ ನೀಲಿಹಸಿರು. ಜೊತೆಗೆ ದ್ರಾಕ್ಷಿ ಕೊಳೆತಂಥ ಸಿಹಿ ವಾಸನೆ. ಆ ಬಣ್ಣ, ಆ ವಾಸನೆ ಎರಡೂ ಸೇರಿದರೆ ಪ್ರಯೋಗಾಲಯದವರಿಗೆ ಬೇರೆ ಗುರುತು ಬೇಕಾಗುವುದಿಲ್ಲ. ಸ್ಯೂಡೋಮೊನಾಸ್ ಎರುಜಿನೋಸ ಎಂಬ ದುಂಡಾಣು ಅದು. ಅಪ್ಪನ ಕೀವನ್ನು ನಾನೇ ತೆಗೆದುಕೊಂಡು ಹೋಗಿ ನಾನೇ ತಟ್ಟೆಗೆ ಹಾಕಿದೆ. ಮೂರನೆಯ ದಿನ ವರದಿ ಬರೆದೆ. ಎರಡೇ ಎರಡು ‘ಎಸ್’ ಇದ್ದವು, ಎರಡೂ ಆಸ್ಪತ್ರೆಯಲ್ಲಿ ಮಲಗಿಸಿ ಕೊಡಬೇಕಾದ ಇಂಜೆಕ್ಷನ್‌ಗಳು. ಎರಡು ಬೆರಳು ತೆಗೆಯಬೇಕಾಯಿತು. ಅಪ್ಪ ಆಮೇಲೂ ಎಂಟು ವರ್ಷ ಇದ್ದರು. ಗದ್ದೆಗೆ ಮಾತ್ರ ಇಳಿಯಲಿಲ್ಲ.

ಆ ಅಂಗಡಿಯವರನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಅವರು ಉದ್ರಿ ಕೊಟ್ಟವರು, ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೂ ಬೇಸರಿಸದೆ ಎದ್ದು ಬಂದವರು. ಡಾಕ್ಟರ ಫೀಸು, ಬಸ್ಸಿನ ಖರ್ಚು ಉಳಿಯಲಿ ಎಂದೇ ಅವರು ಕೊಟ್ಟದ್ದು. ನಿಮ್ಮಲ್ಲಿ ಬಹಳ ಮಂದಿ ಹಾಗೆಯೇ ಎಂದು ನನಗೆ ಗೊತ್ತು. ಆ ಉಪಕಾರವೇ ಅಪಕಾರವಾಗುವ ಬಗೆಯನ್ನು ನಿಮಗೆ ಯಾರೂ ಕೂರಿಸಿ ಹೇಳಿಲ್ಲ. ಅದರಲ್ಲೂ ಒಂದು ಭಾಗವನ್ನು ಹೇಳಿಯೇ ಇಲ್ಲ.

‘ಅರ್ಧ ಕೋರ್ಸು ಕೊಟ್ಟರೆ ರೋಗಾಣು ಔಷಧಿಗೆ ಜಗ್ಗದಂತಾಗುತ್ತದೆ’ ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಆ ಮಾತು ನಿಜ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ದುಂಡಾಣುವಿನ ಬಗ್ಗೆ ಎರಡು ಪ್ರಶ್ನೆ ಕೇಳಬೇಕು. ಇದು ಔಷಧಿಗೆ ಸಾಯುತ್ತದೆಯೇ? ಇದು ಎಷ್ಟು ಉಗ್ರ? ಎರಡೂ ಬೇರೆ ಬೇರೆ. ಔಷಧಿಗೆ ಜಗ್ಗದ ಎಷ್ಟೋ ದುಂಡಾಣುಗಳು ನಿಮ್ಮ ನಮ್ಮ ಕರುಳಿನಲ್ಲಿ ತಕರಾರಿಲ್ಲದೆ ಬದುಕಿವೆ. ಅತಿ ಉಗ್ರವಾದ ಕೆಲವು ದುಂಡಾಣುಗಳು ಸಾಮಾನ್ಯ ಪೆನಿಸಿಲಿನ್‌ಗೇ ಸಾಯುತ್ತವೆ. ಒಂದೇ ದುಂಡಾಣುವಿಗೆ ಈ ಎರಡೂ ಗುಣ ಬಂದಾಗ ಆಸ್ಪತ್ರೆಗಳು ಕೈಚೆಲ್ಲುತ್ತವೆ. ಎರಡನೆಯ ಗುಣವನ್ನು ಹೊತ್ತು ತಂದುಕೊಡುವುದು ಎಷ್ಟೋ ಸಲ ಒಂದು ವೈರಸ್.

ದುಂಡಾಣುವಿಗೂ ವೈರಸ್ ತಗಲುತ್ತದೆ. ಇದನ್ನು ಹೇಳಿದಾಗ ಓದಿದವರೂ ಬೆರಗಾಗುವುದನ್ನು ಕಂಡಿದ್ದೇನೆ. ಈ ವೈರಸ್ಸುಗಳಿಗೆ ಫೇಜ್ ಎಂದು ಹೆಸರು. ಮನುಷ್ಯರ ಜೀವಕೋಶಕ್ಕೆ ಇವು ತಗಲುವುದಿಲ್ಲ, ದುಂಡಾಣುವೇ ಇವುಗಳ ಮನೆ. ಸೂಳೆಕೆರೆಯ ಒಂದು ಚಮಚ ನೀರಿನಲ್ಲೂ ಇವು ಲೆಕ್ಕಕ್ಕೆ ಸಿಗದಷ್ಟಿವೆ. ನಾನು ಮೊದಲ ಸಲ ಇವುಗಳ ಕೆಲಸವನ್ನು ಕಂಡದ್ದು ಒಂದು ಬೆಳಿಗ್ಗೆ, ತಟ್ಟೆಯ ಮೇಲೆ. ದಟ್ಟವಾಗಿ ಬೆಳೆದ ದುಂಡಾಣುವಿನ ಪದರದ ನಡುವೆ, ಯಾವ ಬಿಲ್ಲೆಯೂ ಇಲ್ಲದ ಕಡೆ, ಸಾಸಿವೆ ಕಾಳಿನಷ್ಟು ದುಂಡನೆಯ ನಾಲ್ಕಾರು ತೂತು. ತಟ್ಟೆ ಕೆಟ್ಟಿತು ಎಂದು ಎಸೆಯಲು ಹೊರಟವಳನ್ನು ನಮ್ಮ ಹಿರಿಯ ವೈದ್ಯರು ತಡೆದು, ಬೆಳಕಿಗೆ ಹಿಡಿದು ತೋರಿಸಿದರು. ವೈರಸ್ ತಿಂದು ಖಾಲಿ ಮಾಡಿದ ಜಾಗ ಅದು.

ಈ ಫೇಜ್‌ಗಳಲ್ಲಿ ಕೆಲವು ಒಳಹೊಕ್ಕ ಅರ್ಧ ಗಂಟೆಯಲ್ಲೇ ಮರಿ ಮಾಡಿ ದುಂಡಾಣುವನ್ನು ಒಡೆದು ಹೊರಬರುತ್ತವೆ. ಇನ್ನು ಕೆಲವು ಹಾಗೆ ಮಾಡುವುದಿಲ್ಲ. ದುಂಡಾಣುವಿನ ವಂಶವಾಹಿಯೊಳಗೇ ಹೊಲಿಗೆ ಹಾಕಿದಂತೆ ಸೇರಿಕೊಂಡು ಮಲಗಿಬಿಡುತ್ತವೆ. ದುಂಡಾಣು ಎರಡಾದರೆ ವೈರಸ್ಸೂ ಎರಡಾಗುತ್ತದೆ, ಅದು ಲಕ್ಷವಾದರೆ ಇದೂ ಲಕ್ಷ. ಹೀಗೆ ನೆಲೆಸಲು ಬಂದ ವೈರಸ್ ಬರಿಗೈಯಲ್ಲಿ ಬರದೆ, ಒಮ್ಮೊಮ್ಮೆ ವಿಷ ತಯಾರಿಸುವ ಜೀನ್ ಒಂದನ್ನು ಹೊತ್ತು ತರುತ್ತದೆ.

ಮಕ್ಕಳ ಗಂಟಲಮಾರಿಯ ದುಂಡಾಣುವಿಗೆ ವಿಷ ಬರುವುದು ಹೀಗೆ. ಅದರೊಳಗಿನ ವೈರಸ್ಸೇ ಅದನ್ನು ವಿಷಕಾರಿ ಮಾಡುತ್ತದೆ ಎಂದು 1951ರಲ್ಲಿ ಅಮೆರಿಕದ ಫ್ರೀಮನ್ ತೋರಿಸಿದರು. ಊರಿಗೆ ಊರನ್ನೇ ಖಾಲಿ ಮಾಡುತ್ತಿದ್ದ ಕಾಲರಾದ ಕಥೆಯೂ ಇದೇ. ಕಾಲರಾ ಕೊಲ್ಲುವುದು ಅದರ ವಿಷದಿಂದ ಎಂದು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಕಂಡುಹಿಡಿದರು. ಆ ವಿಷದ ಜೀನ್ ಇರುವುದು ಕಾಲರಾ ದುಂಡಾಣುವಿನ ಸ್ವಂತ ಆಸ್ತಿಯಲ್ಲಿ ಅಲ್ಲ, ಅದರೊಳಗೆ ಸೇರಿಕೊಂಡ ದಾರದಂಥ ವೈರಸ್ಸಿನಲ್ಲಿ ಎಂದು ಗೊತ್ತಾಗಲು 1996 ಬರಬೇಕಾಯಿತು. ಅಮೆರಿಕದ ವಾಲ್ಡರ್ ಮತ್ತು ಮೆಕಾಲನೋಸ್ ಅದನ್ನು ತೋರಿಸಿದವರು. ನಮ್ಮ ಅಜ್ಜಿಯರು ‘ಮಾರಿ’ ಎಂದು ಹೆದರಿ ಊರ ಗಡಿಗೆ ಸಾಗಹಾಕುತ್ತಿದ್ದ ಆ ರೋಗದ ಹಿಂದೆ, ಕಣ್ಣಿಗೆ ಕಾಣದ್ದರ ಒಳಗೆ ಇನ್ನೂ ಕಾಣದ ಮತ್ತೊಂದು ಇತ್ತು.

ಇವೆಲ್ಲ ಹಳೆಯ ಮಾತಾಯಿತು. ಔಷಧಿಗೆ ಜಗ್ಗದ ದುಂಡಾಣುವಿಗೆ ಇಂಥ ವೈರಸ್ ಸೇರಿದರೆ ಏನಾಗುತ್ತದೆ? ಅಪ್ಪನ ಕಾಲಿಗೆ ಕೂಳೆ ಚುಚ್ಚಿದ ಅದೇ 2011ರ ಬೇಸಿಗೆಯಲ್ಲಿ ಜರ್ಮನಿಯಲ್ಲಿ ಅದು ನಡೆಯಿತು. ಮೊಳಕೆ ಬರಿಸಿದ ಮೆಂತ್ಯ ಕಾಳನ್ನು ಹಸಿಯಾಗಿ ತಿಂದವರಿಗೆ ರಕ್ತಭೇದಿ ಹತ್ತಿತು. 3,800ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ನೂರಾರು ಮಂದಿಯ ಮೂತ್ರಪಿಂಡ ಕೆಟ್ಟಿತು, 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಈ-ಕೋಲೈ ಎಂಬ ದುಂಡಾಣು. ಕರುಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಜಾತಿ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ತರಹದ ಔಷಧಿಗಳನ್ನು ಮುರಿದುಹಾಕುವ ಕಿಣ್ವ ಅದರಲ್ಲಿತ್ತು. ಜೊತೆಗೆ ಶೀಗಾ ಎಂಬ ಘೋರ ವಿಷದ ಜೀನ್ ಹೊತ್ತ ವೈರಸ್ ಒಳಗೆ ನೆಲೆಸಿತ್ತು. ಔಷಧಿ ನಾಟುವುದಿಲ್ಲ, ವಿಷವೂ ಉಂಟು. ಎರಡು ಬೇರೆ ದಾರಿಯಿಂದ ಬಂದ ಕೇಡುಗಳು ಒಂದೇ ದುಂಡಾಣುವಿನಲ್ಲಿ ಕೂಡಿದವು.

ಈಗ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಪತ್ರ ಬರೆಯಲು ಕೂತದ್ದೇ ಇದನ್ನು ಹೇಳಲು.

ಮಲಗಿದ ವೈರಸ್ ಎಂದಿಗೂ ಮಲಗಿಯೇ ಇರುವುದಿಲ್ಲ. ದುಂಡಾಣುವಿನ ವಂಶವಾಹಿಗೆ ಪೆಟ್ಟು ಬಿದ್ದರೆ ಅದು ತನ್ನೊಳಗೇ ಒಂದು ಅಪಾಯದ ಕೂಗು ಹಾಕುತ್ತದೆ. ಆ ಕೂಗಿಗೆ ವೈರಸ್ ಎದ್ದುಬಿಡುತ್ತದೆ. ಮನೆ ಬೀಳುತ್ತಿದೆ, ಇನ್ನು ಇಲ್ಲಿರಬಾರದು ಎಂಬಂತೆ ಅವಸರದಿಂದ ತನ್ನ ಎಷ್ಟೋ ಪ್ರತಿ ಮಾಡಿಕೊಂಡು, ತಾನು ತಂದ ವಿಷವನ್ನೂ ಬೇಕಾದಷ್ಟು ತಯಾರು ಮಾಡಿಸಿ, ಗೋಡೆ ಒಡೆದು ಹೊರಬರುತ್ತದೆ. ಹೊರಬಂದ ವೈರಸ್ ಪಕ್ಕದ ಸಾಧು ದುಂಡಾಣುವಿಗೂ ತಗಲಬಹುದು, ತಗಲಿದರೆ ಅದೂ ವಿಷ ಮಾಡುತ್ತದೆ. ಆ ಪೆಟ್ಟು ಹಾಕುವವರು ಯಾರು? ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಿಗಳು ದುಂಡಾಣುವನ್ನು ಕೊಲ್ಲುವುದೇ ವಂಶವಾಹಿಗೆ ಹೊಡೆದು. ಶೀಗಾ ವಿಷದ ಈ-ಕೋಲೈ ತಗಲಿಸಿದ ಇಲಿಗಳಿಗೆ ಸಿಪ್ರೊಫ್ಲಾಕ್ಸಸಿನ್ ಕೊಟ್ಟು ನೋಡಿದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಯಿತು. ಔಷಧಿ ಕೊಟ್ಟ ಇಲಿಗಳ ಕರುಳಿನಲ್ಲಿ ವೈರಸ್ಸೂ ಹೆಚ್ಚಿತು, ವಿಷವೂ ಹೆಚ್ಚಿತು, ಹಲವು ಇಲಿಗಳು ಸತ್ತವು. ರಕ್ತ ಬೀಳುವ ಭೇದಿಯಲ್ಲಿ ಶೀಗಾ ಇರಬಹುದೆಂಬ ಅನುಮಾನ ಬಂದರೆ ವೈದ್ಯರು ಆಂಟಿಬಯೋಟಿಕ್ ಬರೆಯಲು ಹಿಂಜರಿಯುವುದು ಈ ಭಯದಿಂದ. 2004ರಲ್ಲಿ ವಾಲ್ಡರ್ ಅವರ ತಂಡವೇ ಕಾಲರಾ ದುಂಡಾಣುವಿನಲ್ಲಿ ಇನ್ನೊಂದನ್ನು ಕಂಡಿತು. ಸಿಪ್ರೊಫ್ಲಾಕ್ಸಸಿನ್ ಸೋಕಿದಾಗ ಹಲವು ಔಷಧಿಗಳಿಗೆ ಜಗ್ಗದಂತೆ ಮಾಡುವ ಜೀನ್‌ಗಳ ಕಟ್ಟು ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ದಾಟುತ್ತದೆ.

ಸಾಕಷ್ಟು ಔಷಧಿ, ಸರಿಯಾದ ರೋಗಕ್ಕೆ, ಸರಿಯಾದಷ್ಟು ದಿನ ಹೋದರೆ ದುಂಡಾಣು ಸಾಯುತ್ತದೆ. ಕತ್ತರಿಸಿ ಕೊಟ್ಟ ಮೂರು ಮಾತ್ರೆ ಅದನ್ನು ಕೊಲ್ಲದೆ ಕೆಣಕಬಹುದು. ಹಾವಿನ ಬಾಲ ತುಳಿದಂತೆ ಅದು. ಅಪ್ಪನ ಆರು ವಾರ ಹಾಗೆ ಕಳೆದವೇನೋ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಹಸಿರು ಕೀವಿನ ಆ ಸ್ಯೂಡೋಮೊನಾಸ್‌ನಲ್ಲಿ ಪಿ.ಎಫ್. ಎಂಬ ದಾರದಂಥ ಫೇಜ್ ಬಹಳ ಸಾಮಾನ್ಯ. ಅದು ಮನೆಯನ್ನು ಒಡೆಯದೆ ಎಳೆ ಎಳೆಯಾಗಿ ಹೊರಗೆ ಬರುತ್ತಲೇ ಇರುತ್ತದೆ. ಆ ಎಳೆಗಳು ಗಾಯದ ಲೋಳೆಯನ್ನು ದಪ್ಪ ಮಾಡುತ್ತವೆ, ಕೆಲವು ಔಷಧಿಗಳನ್ನು ಲೋಳೆಯಲ್ಲೇ ಹಿಡಿದಿಡುತ್ತವೆ. ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು 2019ರಲ್ಲಿ ಇದಕ್ಕಿಂತ ವಿಚಿತ್ರವಾದದ್ದನ್ನು ತೋರಿಸಿದರು. ಈ ಎಳೆಗಳನ್ನು ಕಂಡ ನಮ್ಮ ಕಾವಲಿನ ಜೀವಕೋಶಗಳು ವೈರಸ್ ದಾಳಿಯಾಗಿದೆ ಎಂದು ತಪ್ಪು ತಿಳಿದು ಆ ಕೆಲಸಕ್ಕೆ ತಿರುಗುತ್ತವೆ, ದುಂಡಾಣುವನ್ನು ನುಂಗುವ ಕೆಲಸವನ್ನು ಸಡಿಲ ಬಿಡುತ್ತವೆ. ಗಾಯ ಮಾಗುವುದಿಲ್ಲ. ಅಪ್ಪನ ಕೀವಿನಲ್ಲಿ ಆ ಫೇಜ್ ಇತ್ತೇ ಎಂದು ನೋಡುವ ಅನುಕೂಲ ನಮ್ಮ ಪ್ರಯೋಗಾಲಯದಲ್ಲಿ ಇರಲಿಲ್ಲ. ವರದಿಯಲ್ಲಿ ‘ಎಸ್’ ಮತ್ತು ‘ಆರ್’ಗೆ ಮಾತ್ರ ಜಾಗವಿತ್ತು. ಯಾವ ದುಂಡಾಣುವಿನೊಳಗೆ ಏನು ಮಲಗಿದೆ ಎಂದು ವೈದ್ಯರಿಗೇ ಕಾಣದಿರುವಾಗ, ಖಾಲಿ ಪಟ್ಟಿ ನೋಡಿ ಮಾತ್ರೆ ಕತ್ತರಿಸುವ ನಮಗೆ ಹೇಗೆ ಕಾಣಬೇಕು?

ಗೊಬ್ಬರ, ಕೀಟನಾಶಕದ ಅಂಗಡಿಯವರೇ, ಈಗ ನಿಮ್ಮ ಕಡೆ ತಿರುಗುತ್ತೇನೆ.

ಮುಂಗಾರು ಹಂಗಾಮಿನಲ್ಲಿ ಭದ್ರಾ ನಾಲೆಗೆ ನೀರು ಬಿಟ್ಟು, ನಾಟಿಯಾಗಿ, ಗಾಳಿಮಳೆ ಹಿಡಿದರೆ ಭತ್ತದ ಎಲೆಯ ತುದಿಯಿಂದ ಅಂಚಿನುದ್ದಕ್ಕೂ ಅಲೆಅಲೆಯಾಗಿ ಹಳದಿ ಇಳಿಯುತ್ತದೆ. ದುಂಡಾಣು ಅಂಗಮಾರಿ. ಇಲ್ಲಿಯೂ ಮಾರಿಯ ಹೆಸರೇ. ರೈತ ಎಲೆಯನ್ನು ಕಿತ್ತು ನಿಮ್ಮಲ್ಲಿಗೆ ತರುತ್ತಾನೆ, ನೀವು ತಾಮ್ರದ ಪುಡಿಯ ಜೊತೆ 6 ಗ್ರಾಮಿನ ಒಂದು ಪೊಟ್ಟಣ ಇಡುತ್ತೀರಿ. ಆ ಪೊಟ್ಟಣದಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಮೊದಲನೆಯದು ಕ್ಷಯಕ್ಕೆ ಸಿಕ್ಕಿದ ಮೊದಲ ಆಂಟಿಬಯೋಟಿಕ್, 1943ರಲ್ಲಿ ಕಂಡುಹಿಡಿದದ್ದು. ಪಕ್ಕದ ಮೆಡಿಕಲ್ ಶಾಪಿನ ಕಪಾಟಿನಲ್ಲಿ ಇರಬೇಕಾದದ್ದು ನಿಮ್ಮಲ್ಲಿ ಎಲೆಗೆ ಹೊಡೆಯುವ ಔಷಧಿಯಾಗಿದೆ. ಬೆಂಕಿರೋಗಕ್ಕೂ ಅದೇ, ಶುಂಠಿ ಸೊರಗಿದರೂ ಅದೇ, ಅಡಿಕೆಗೆ ಏನಾದರೂ ಆದರೂ ‘ಇದೊಂದು ಇರಲಿ’ ಎಂದು ಅದೇ. ಬೆಂಕಿರೋಗ ಶಿಲೀಂಧ್ರದ್ದು. ಶಿಲೀಂಧ್ರಕ್ಕೆ ಈ ಪೊಟ್ಟಣ ಏನೂ ಮಾಡುವುದಿಲ್ಲ, ಗದ್ದೆಯ ಮಣ್ಣಿನಲ್ಲಿರುವ ದುಂಡಾಣುಗಳಿಗೆ ಮಾತ್ರ ಔಷಧಿಯ ರುಚಿ ಹತ್ತಿಸುತ್ತದೆ.

ಗದ್ದೆಯ ದುಂಡಾಣುವೇ ಬೇರೆ, ಮನುಷ್ಯರದೇ ಬೇರೆ ಎನ್ನಬೇಡಿ. ಸ್ಟ್ರೆಪ್ಟೊಮೈಸಿನ್ನಿಗೆ ಜಗ್ಗದಂತೆ ಮಾಡುವ ಒಂದು ಜೋಡಿ ಜೀನ್ ಇದೆ. ಹಣ್ಣಿನ ತೋಟಗಳ ರೋಗಾಣುಗಳಲ್ಲಿ ಸಿಕ್ಕ ಆ ಜೋಡಿಯೇ ಮನುಷ್ಯರ, ದನಗಳ ರೋಗಾಣುಗಳಲ್ಲೂ ಸಿಕ್ಕಿದೆ. ನಿಮ್ಮಿಬ್ಬರ ಅಂಗಡಿಗಳ ನಡುವೆ ಗೋಡೆ ಇರಬಹುದು, ದುಂಡಾಣುಗಳ ನಡುವೆ ಇಲ್ಲ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಎರಡು ಔಷಧಿಗಳನ್ನು ಬೇಸಾಯದಿಂದ ಹೊರಗಿಡುವ ಕರಡು ಆದೇಶ ಹೊರಡಿಸಿದ್ದು ಸುಮ್ಮನೆ ಅಲ್ಲ.

ಬೆಳೆಯ ರೋಗದಲ್ಲೂ ಫೇಜ್ ವೈರಸ್ಸುಗಳ ಕೈ ಇದೆ. ಟೊಮೆಟೊ, ಶುಂಠಿ ಸೊರಗಿಸುವ ರಾಲ್‌ಸ್ಟೋನಿಯಾ ದುಂಡಾಣುವನ್ನು ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ನೋಡಿದ್ದಾರೆ. ಅದಕ್ಕೆ ಒಂದು ಜಾತಿಯ ದಾರದ ಫೇಜ್ ತಗಲಿದರೆ ಟೊಮೆಟೊ ಗಿಡ ಮೊದಲಿಗಿಂತ ಬೇಗ ಸೊರಗಿತು. ಅದೇ ಕುಲದ ಇನ್ನೊಂದು ಫೇಜ್ ತಗಲಿದರೆ ದುಂಡಾಣು ತನ್ನ ಉಗ್ರತೆಯನ್ನೇ ಕಳೆದುಕೊಂಡಿತು, ಗಿಡ ನಿಂತಿತು. 2012ರಲ್ಲಿ ಅವರು ಎರಡನ್ನೂ ಪ್ರಕಟಿಸಿದರು. ಒಂದು ತೋಟದಲ್ಲಿ ರೋಗ ಉರಿದೇಳುವುದಕ್ಕೆ, ಪಕ್ಕದಲ್ಲಿ ತಣ್ಣಗಿರುವುದಕ್ಕೆ ಇಂಥ ಕಾರಣವೂ ಇರಬಹುದು. ಭತ್ತದ ಅಂಗಮಾರಿಯ ವಿಷಯದಲ್ಲಂತೂ ಜಪಾನಿನವರು 1950ರ ದಶಕದಲ್ಲೇ ಕಾಲುವೆಯ ನೀರಿನಲ್ಲಿ ಫೇಜ್ ಎಷ್ಟಿದೆ ಎಂದು ಎಣಿಸಿ, ರೋಗ ಬರುವ ಮುನ್ಸೂಚನೆ ಕೊಡುತ್ತಿದ್ದರು. ಫೇಜ್ ಹೆಚ್ಚಿದೆ ಎಂದರೆ ಅದಕ್ಕೆ ಮನೆಯಾದ ದುಂಡಾಣು ಹೆಚ್ಚಿದೆ ಎಂದೇ ಲೆಕ್ಕ. ಭದ್ರಾ ನಾಲೆಯ ನೀರನ್ನೂ ಯಾರಾದರೂ ಹಾಗೆ ನೋಡಲಿ ಎಂಬ ಆಸೆ ನನ್ನದು. ನಮ್ಮೂರಲ್ಲೇ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆಯಲ್ಲ.

ಫೇಜ್ ಎಂದರೆ ಕೇಡು ಎಂದಷ್ಟೇ ನಿಮ್ಮ ಮನಸ್ಸಿನಲ್ಲಿ ಉಳಿಯಬಾರದು. 1896ರಲ್ಲಿ ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ ಗಂಗೆ, ಯಮುನೆಯ ನೀರಿನಲ್ಲಿ ಕಾಲರಾ ದುಂಡಾಣು ಸಾಯುವುದನ್ನು, ಕುದಿಸಿದ ನೀರಿನಲ್ಲಿ ಸಾಯದಿರುವುದನ್ನು ಬರೆದಿಟ್ಟರು. ಅದು ಫೇಜ್‌ನ ಕೆಲಸ ಎಂದು ಆಮೇಲೆ ತಿಳಿದವರು ಹೇಳಿದರು. ಕರ್ನಾಟಕದಲ್ಲೂ ಈ ಕೆಲಸ ನಡೆದಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯ ಕರುಣಾಸಾಗರ್ ಅವರ ತಂಡ ಸೀಗಡಿ ಮರಿಗಳನ್ನು ಕೊಲ್ಲುವ ವಿಬ್ರಿಯೊ ದುಂಡಾಣುವಿಗೆ ಫೇಜ್ ಬಿಟ್ಟು ನೋಡಿತು. ಆಂಟಿಬಯೋಟಿಕ್ ಹಾಕಿದ ತೊಟ್ಟಿಗಿಂತ ಫೇಜ್ ಬಿಟ್ಟ ತೊಟ್ಟಿಯಲ್ಲಿ ಹೆಚ್ಚು ಮರಿ ಉಳಿದವು. ಬೆಂಗಳೂರಿನಲ್ಲಿ 2000ದಲ್ಲಿ ಜೆ. ರಾಮಚಂದ್ರನ್ ಕಟ್ಟಿದ ಗಂಗಾಜೆನ್ ಸಂಸ್ಥೆ ಇಡೀ ಫೇಜ್ ಬದಲು, ಸ್ಟ್ಯಾಫಿಲೋಕಾಕಸ್ ದುಂಡಾಣುವಿನ ಗೋಡೆ ಕತ್ತರಿಸುವ ಫೇಜ್ ಕಿಣ್ವದ ತುಂಡನ್ನು ತೆಗೆದುಕೊಂಡು ಪಿ128 ಎಂಬ ಪ್ರೋಟೀನ್ ತಯಾರಿಸಿತು. ನನಗೆ ಈ ದಾರಿ ಬಹಳ ಹಿಡಿಸಿತು. ಕತ್ತರಿ ನಮ್ಮ ಕೈಗೆ ಬರುತ್ತದೆ, ವಿಷದ ಗಂಟು ಹೊತ್ತು ತರುವವನು ಹೊರಗೇ ಉಳಿಯುತ್ತಾನೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2016ರಲ್ಲಿ ಹೇಳಿದ ಫೇಜ್ ಇನ್ನೂ ಆಶ್ಚರ್ಯದ್ದು. ಅಪ್ಪನ ಗಾಯದಲ್ಲಿ ಇದ್ದಂಥ ಸ್ಯೂಡೋಮೊನಾಸ್ ತನ್ನೊಳಗೆ ಬಂದ ಔಷಧಿಯನ್ನು ಪಂಪಿನಂತೆ ಎತ್ತಿ ಹೊರಗೆ ಚೆಲ್ಲುತ್ತದೆ. ಈ ಫೇಜ್ ಒಳಹೋಗಲು ಹಿಡಿಯುವುದು ಆ ಪಂಪಿನ ಬಾಯಿಯನ್ನೇ. ಫೇಜ್‌ನಿಂದ ತಪ್ಪಿಸಿಕೊಳ್ಳಲು ದುಂಡಾಣು ಪಂಪನ್ನು ಬದಲಿಸಿಕೊಂಡರೆ ಔಷಧಿ ಚೆಲ್ಲುವ ಶಕ್ತಿ ಕುಂದುತ್ತದೆ. ಹಳೆಯ ಔಷಧಿ ಮತ್ತೆ ನಾಟುತ್ತದೆ. ಅಸಿನೆಟೊಬ್ಯಾಕ್ಟರ್ ಎಂಬ ಐಸಿಯು ದುಂಡಾಣುವಿನಲ್ಲೂ ಇದೇ ಬಗೆಯದು ಕಂಡಿದೆ. ಫೇಜ್‌ಗೆ ಹೆದರಿ ಅದು ತನ್ನ ಹೊದಿಕೆ ಕಳಚಿದರೆ ಔಷಧಿಗೂ ಸಿಗುತ್ತದೆ, ಉಗ್ರತೆಯೂ ಇಳಿಯುತ್ತದೆ.

ಹಾಗೆಂದು ನಾಳೆಯೇ ಫೇಜ್ ಬಾಟಲಿ ನಿಮ್ಮ ಅಂಗಡಿಗೆ ಬರುವುದಿಲ್ಲ. ಯಾರಾದರೂ ತಂದು ‘ಇದು ಎಲ್ಲದಕ್ಕೂ ಆಗುತ್ತೆ’ ಎಂದರೆ ಇಟ್ಟುಕೊಳ್ಳಬೇಡಿ. ಚಿಕಿತ್ಸೆಗೆ ಬೇಕಾದ ಫೇಜ್ ದುಂಡಾಣುವನ್ನು ಒಡೆದು ಹೊರಬರುವ ಜಾತಿಯದೇ ಆಗಿರಬೇಕು, ಅದರಲ್ಲಿ ವಿಷದ ಜೀನ್ ಇಲ್ಲವೆಂದು ಖಚಿತವಾಗಿರಬೇಕು, ಆ ರೋಗಿಯ ದುಂಡಾಣುವಿಗೇ ಹೊಂದಬೇಕು. ಅದು ದೊಡ್ಡ ಪ್ರಯೋಗಾಲಯದ ಕೆಲಸ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಔಷಧಿಗಳೇ ಗತಿ, ಅವುಗಳ ಬೀಗದಕೈ ಇರುವುದು ನಿಮ್ಮ ಹತ್ತಿರ.

ಮೆಡಿಕಲ್ ಶಾಪಿನ ಬಂಧುಗಳೇ, ಖಾಲಿ ಪಟ್ಟಿಯನ್ನು ಚೀಟಿ ಎಂದು ತಿಳಿಯಬೇಡಿ. ಡಾಕ್ಟರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡಬೇಡಿ, ಚೀಟಿ ಇದ್ದರೆ ಬರೆದಷ್ಟನ್ನೂ ಕೊಡಿ. ‘ಸದ್ಯಕ್ಕೆ ಎರಡು ದಿನದ್ದು ಕೊಡಿ’ ಎನ್ನುವವರ ಹತ್ತಿರ ದುಡ್ಡಿಲ್ಲದಿದ್ದರೆ, ನೀವು ಹೇಗೂ ಉದ್ರಿ ಕೊಡುವವರು, ಪೂರ್ತಿ ಕೋರ್ಸನ್ನೇ ಉದ್ರಿ ಕೊಡಿ. ಸೆಫಿಕ್ಸಿಮ್, ಲೀವೋಫ್ಲಾಕ್ಸಸಿನ್ ಮುಂತಾದವು 2014ರ ಮಾರ್ಚ್ 1ರಿಂದ ಷೆಡ್ಯೂಲ್ ಎಚ್1ರಲ್ಲಿವೆ. ಅವುಗಳಿಗೆ ಬೇರೆ ರಿಜಿಸ್ಟರ್ ಇಟ್ಟು, ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟಿರಿ ಎಂಬುದನ್ನು ಬರೆದು ಮೂರು ವರ್ಷ ಕಾಪಾಡಬೇಕು. ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ ತುಂಬುವ ಪುಸ್ತಕವಾಗಬಾರದು ಅದು. ಸಿಪ್ರೊಫ್ಲಾಕ್ಸಸಿನ್, ಅಜಿತ್ರೊಮೈಸಿನ್‌ಗೆ ರಿಜಿಸ್ಟರ್ ಬೇಡದಿದ್ದರೂ ಚೀಟಿ ಬೇಕೇಬೇಕು. ವಾಂತಿಭೇದಿ ಎಂದು ಬಂದವರಿಗೆ ಮೊದಲು ಓಆರ್‌ಎಸ್ ಪೊಟ್ಟಣ ಕೊಟ್ಟು, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕುವುದನ್ನು ಹೇಳಿಕೊಡಿ. ಕಾಲರಾದಲ್ಲೂ ಜೀವ ಉಳಿಸುವುದು ಮುಖ್ಯವಾಗಿ ಆ ನೀರೇ. ಭೇದಿಯಲ್ಲಿ ರಕ್ತ ಇದೆ ಎಂದರೆ ನಿಮ್ಮಲ್ಲಿನ ಯಾವ ಮಾತ್ರೆಯನ್ನೂ ಕೊಡದೆ ಆಸ್ಪತ್ರೆಗೆ ಕಳಿಸಿ. ಸಕ್ಕರೆ ಕಾಯಿಲೆಯವರು ಪಾದದ ಗಾಯ ಹೇಳಿಕೊಂಡು ಬಂದರೆ ‘ಚಪ್ಪಲಿ ಬಿಚ್ಚಿ, ನೋಡ್ತೀನಿ’ ಎಂದು ಹೇಳಿ. ಬಟ್ಟೆಗೆ ಹಸಿರು ಹತ್ತಿದ್ದರೆ ಅಂದೇ ಬಸ್ಸು ಹತ್ತಿಸಿ. ನನ್ನ ಅಪ್ಪನಿಗೆ ಯಾರಾದರೂ ಹಾಗೆ ಹೇಳಿದ್ದರೆ ಬೆರಳು ಉಳಿಯುತ್ತಿದ್ದವು ಎಂದೇ ನನ್ನ ನಂಬಿಕೆ.

ಗೊಬ್ಬರದಂಗಡಿಯ ಬಂಧುಗಳೇ, ಆ 6 ಗ್ರಾಮಿನ ಪೊಟ್ಟಣವನ್ನು ನಿಮ್ಮ ಕಪಾಟಿನಿಂದ ಇಳಿಸಿ. ಲಾಭ ಎಷ್ಟು ಬರುತ್ತದೆ ಅದರಲ್ಲಿ? ರೈತ ಎಲೆ ತಂದರೆ ಒಂದು ಗಾಜಿನ ಲೋಟದಲ್ಲಿ ತಿಳಿನೀರು ತೆಗೆದುಕೊಂಡು, ಹಳದಿ ಮತ್ತು ಹಸಿರು ಸೇರುವ ಕಡೆ ಎಲೆಯನ್ನು ಅಡ್ಡ ಕತ್ತರಿಸಿ ನೀರಿಗೆ ಇಳಿಬಿಡಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನ ಎಳೆಯಂತೆ ಏನೋ ಇಳಿದು ನೀರು ಮಬ್ಬಾದರೆ ಅಂಗಮಾರಿ, ಇಲ್ಲದಿದ್ದರೆ ರೋಗ ಬೇರೆ. ಖರ್ಚಿಲ್ಲದ ಪರೀಕ್ಷೆ ಇದು, ರೈತನ ಕಣ್ಣೆದುರೇ ಆಗುತ್ತದೆ. ಅಂಗಮಾರಿಯೇ ಆದರೆ ಯೂರಿಯಾ ನಿಲ್ಲಿಸಲು ಹೇಳಿ, ಗದ್ದೆಯ ನೀರು ಬಸಿಯಲು ಹೇಳಿ, ರೋಗ ಬಿದ್ದ ಗದ್ದೆಯ ನೀರನ್ನು ಪಕ್ಕದವರ ಗದ್ದೆಗೆ ಹಾಯಿಸಬೇಡಿ ಎಂದು ಹೇಳಿ. ನಾಟಿಯ ಹೊತ್ತಿಗೆ ಸಸಿಯ ತುದಿ ಚಿವುಟುವುದೂ ಬೇಡ, ಆ ಗಾಯದಿಂದಲೇ ದುಂಡಾಣು ಒಳಗೆ ಹೋಗುತ್ತದೆ. ಮುಂದಿನ ಹಂಗಾಮಿಗೆ ರೋಗ ತಡೆಯುವ ತಳಿಯ ಬೀಜ ತರಿಸಿಡಿ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಸಿಸಿಎಂಬಿ ಎಂಬ ಜೀವವಿಜ್ಞಾನ ಕೇಂದ್ರ ಸೇರಿ ಸಾಂಬಾ ಮಸೂರಿಗೆ ಮೂರು ನಿರೋಧಕ ಜೀನ್ ಸೇರಿಸಿ ಬಿಡುಗಡೆ ಮಾಡಿದ ‘ಇಂಪ್ರೂವ್ಡ್ ಸಾಂಬಾ ಮಸೂರಿ’ 2008ರಿಂದಲೇ ಇದೆ. ನಮ್ಮ ನೀರಿಗೆ, ನಮ್ಮ ಅವಧಿಗೆ ಯಾವುದು ಹೊಂದುತ್ತದೆ ಎಂದು ಕತ್ತಲಗೆರೆಯ ಕೇಂದ್ರದಲ್ಲಿ, ರೈತ ಸಂಪರ್ಕ ಕೇಂದ್ರಗಳಲ್ಲಿ ವಿಚಾರಿಸಿ. ಕೋಳಿ, ದನದ ಔಷಧಿ ಇಡುವವರು ಒಂದು ಮಾತು ನೆನಪಿಡಿ. ನಾವು ತಿನ್ನುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು 2019ರ ಜುಲೈನಲ್ಲೇ ಸರ್ಕಾರ ನಿಷೇಧಿಸಿದೆ. ಎಲ್ಲ ಔಷಧಿ ಸೋತಾಗ ಮನುಷ್ಯರಿಗೆ ಕೊಡುವ ಕೊನೆಯ ಕೆಲವು ಔಷಧಿಗಳಲ್ಲಿ ಅದೂ ಒಂದು.

ಇಷ್ಟು ಮಾಡಿದರೆ ನಿಮಗೆ ಗಿರಾಕಿ ತಪ್ಪುವ ಭಯ ಇದ್ದೇ ಇರುತ್ತದೆ. ನೀವು ಕೊಡದಿದ್ದರೆ ಎದುರಿನ ಅಂಗಡಿಯವರು ಕೊಡುತ್ತಾರೆ. ಅದಕ್ಕೇ ಈ ಪತ್ರವನ್ನು ಒಬ್ಬರಿಗೆ ಬರೆಯದೆ ನಾಲ್ಕು ತಾಲ್ಲೂಕಿನ ಎಲ್ಲರಿಗೂ ಬರೆದಿದ್ದೇನೆ. ನಿಮ್ಮ ಸಂಘಗಳ ಮುಂದಿನ ಸಭೆಯಲ್ಲಿ ಇದನ್ನು ಓದಿಸಿ, ಒಂದು ತೀರ್ಮಾನ ಮಾಡಿ, ಅದನ್ನು ಅಂಗಡಿಯ ಮುಂದೆ ಕನ್ನಡದಲ್ಲಿ ಬರೆದು ಹಾಕಿ. ಬೋರ್ಡು ನೋಡಿ ಬೈಯುವವರಿದ್ದರೆ ನನ್ನ ಹತ್ತಿರ ಕಳಿಸಿ, ಅವರಿಗೆ ನಾನು ಸಮಾಧಾನ ಹೇಳುತ್ತೇನೆ. ಎಲೆಯ ಪರೀಕ್ಷೆಯನ್ನು ಕಣ್ಣಾರೆ ನೋಡಬೇಕೆನ್ನುವವರು ನಾಟಿಯಾಗಿ ತಿಂಗಳು ಕಳೆದ ಮೇಲೆ ಯಾವ ಭಾನುವಾರವಾದರೂ ಕತ್ತಲಗೆರೆಗೆ ಬನ್ನಿ. ಲೋಟ, ನೀರು, ಎಲೆ ನಮ್ಮ ಮನೆಯಲ್ಲಿ ಸಿದ್ಧವಿರುತ್ತವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ,
ಕತ್ತಲಗೆರೆ, ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ